ಮಲಗಿದ ತಿಮಿಂಗಿಲ ಉಸಿರಾಡುವುದು ಹೇಗೆ?

ಪ್ರಶ್ನೆ: ತಿಮಿಂಗಿಲ, ಡಾಲ್ಫಿನ್‌ಗಳು ಮೀನಲ್ಲ, ನಮ್ಮಂತೆ ಗಾಳಿ ಉಸಿರಾಡುವ ಪ್ರಾಣಿಗಳು ಎಂದು ಶಾಲೆಯಲ್ಲೇ ಓದಿದ್ದೆವು. ಹಾಗಿದ್ದರೆ ನಿದ್ದೆ ಹತ್ತಿದಾಗ ಅವುಗಳ ಉಸಿರಿನ ಗತಿ ಏನು? ಅರ್ಧ ಮೆದುಳು ಮಾತ್ರ ನಿದ್ದೆ ಮಾಡುತ್ತದೆ ಎನ್ನುತ್ತಾರೆ, ನಂಬಬಹುದೇ? ಈಚೆಗೆ ಮೊಬೈಲಿಗೆ ಬಂದ ಒಂದು ಚಿತ್ರದಲ್ಲಿ ದೈತ್ಯ ತಿಮಿಂಗಿಲಗಳು ನೀರೊಳಗೆ ಕಂಬ ನೆಟ್ಟಂತೆ ನೆಟ್ಟಗೆ ನಿಂತು ಮಲಗಿದ್ದವು. ಅದು ಕಂಪ್ಯೂಟರಿನಲ್ಲಿ ಮಾಡಿದ್ದೋ, ನಿಜವೋ? ಆಗಷ್ಟೇ ಹುಟ್ಟಿದ ಮರಿ ಏನು ಮಾಡುತ್ತದೆ? ಇವಕ್ಕೂ ಕನಸು ಬೀಳುತ್ತದೆಯೇ?

ಉತ್ತರ: ಅಂಥ ಚಿತ್ರಗಳು ನಿಜವಾಗಿಯೂ ಇವೆ. ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪದ ಬಳಿ ಮುಳುಗುಗಾರ ಛಾಯಾಗ್ರಾಹಕರು ತೆಗೆದವು ಹೆಚ್ಚು ಪ್ರಸಿದ್ಧ. ಆದರೆ ಆ ದೃಶ್ಯ ನಮ್ಮಂಥವರನ್ನೂ ಯಾಕೆ ಯೋಚನೆಗೆ ಹಚ್ಚಿತು ಎಂಬುದು ತಿಳಿಯಬೇಕಾದರೆ ಮೊದಲು ನಿಮ್ಮ ಮೊದಲ ಪ್ರಶ್ನೆಗೇ ಬರಬೇಕು.

ನಮಗೆ ಉಸಿರಾಟ ತನ್ನಷ್ಟಕ್ಕೆ ನಡೆಯುವ ಕೆಲಸ. ಮೂಗು ಸದಾ ತೆರೆದಿರುತ್ತದೆ, ಸುತ್ತಲೂ ಗಾಳಿ ಇರುತ್ತದೆ, ಮೈಮರೆತು ಮಲಗಿದರೂ ಎದೆ ಏರಿಳಿಯುತ್ತಲೇ ಇರುತ್ತದೆ. ಡಾಲ್ಫಿನ್ನಿನದು ಇದಕ್ಕೆ ತಿರುಗಾಮುರುಗಾ. ಅದರ ಮೂಗಿನ ಹೊಳ್ಳೆ ನೆತ್ತಿಯ ಮೇಲಿದೆ. ಬ್ಲೋಹೋಲ್ ಎನ್ನುವುದು ಅದನ್ನೇ. ಅದು ಸುಮ್ಮನಿದ್ದಾಗ ಮುಚ್ಚಿರುತ್ತದೆ. ತೆರೆಯಬೇಕಾದರೆ ಸ್ನಾಯು ಬಿಗಿಯಬೇಕು, ಸ್ನಾಯು ಸಡಿಲವಾದ ಕೂಡಲೇ ಮತ್ತೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಪ್ರತಿ ಉಸಿರೂ ಒಂದು ಪುಟ್ಟ ಕಾರ್ಯಾಚರಣೆ. ಮೇಲೆ ಬರಬೇಕು, ನೆತ್ತಿ ನೀರಿನಿಂದ ಹೊರಬಂತು ಎಂಬುದು ಗೊತ್ತಾಗಬೇಕು, ಹೊಳ್ಳೆ ತೆರೆದು ಒಳಗಿನ ಗಾಳಿಯನ್ನು ಒಮ್ಮೆಲೇ ಊದಬೇಕು, ಹೊಸದನ್ನು ಎಳೆದುಕೊಂಡು ಮುಚ್ಚಬೇಕು. ಇಷ್ಟೂ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಶ್ವಾಸಕೋಶದಲ್ಲಿರುವ ಗಾಳಿಯ ಬಹುಪಾಲನ್ನು ಒಂದೇ ಉಸಿರಿನಲ್ಲಿ ಬದಲಾಯಿಸಿಕೊಳ್ಳುವ ತಾಕತ್ತು ಅದಕ್ಕಿದೆ. ನಾವು ಸುಮ್ಮನೆ ಕೂತು ಉಸಿರಾಡುವಾಗ ಬದಲಾಗುವುದು ಸ್ವಲ್ಪ ಪಾಲು ಮಾತ್ರ.

ಇದರ ಇನ್ನೊಂದು ಮುಖ ಬೆಳಕಿಗೆ ಬಂದದ್ದು ದುಃಖದ ರೀತಿಯಲ್ಲಿ. 1955ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಜಾನ್ ಲಿಲ್ಲಿ ಎಂಬ ನರವಿಜ್ಞಾನಿ ಮತ್ತು ಸಂಗಡಿಗರು ಡಾಲ್ಫಿನ್ನಿನ ಮೆದುಳನ್ನು ಅಧ್ಯಯನ ಮಾಡಲು ಅವಕ್ಕೆ ಅರಿವಳಿಕೆ ಕೊಟ್ಟರು. ಬೇರೆ ಸಸ್ತನಿಗಳಾದರೆ ಅರಿವು ತಪ್ಪಿದರೂ ಉಸಿರಾಡುತ್ತಿದ್ದವು. ಡಾಲ್ಫಿನ್‌ಗಳು ಉಸಿರಾಡುವುದನ್ನೇ ನಿಲ್ಲಿಸಿ ಸತ್ತವು. ಮುಂದೆ 1960ರ ದಶಕದಲ್ಲಿ ಸ್ಯಾಮ್ ರಿಜ್‌ವೇ ಎಂಬ ಪಶುವೈದ್ಯರು, ಯಂತ್ರದಿಂದ ಉಸಿರು ಕೊಡುತ್ತಲೇ ಅರಿವಳಿಕೆ ಕೊಡುವ ಕ್ರಮವನ್ನು ರೂಪಿಸಿದರು. ಈಗ ಡಾಲ್ಫಿನ್ನಿಗೆ ಶಸ್ತ್ರಚಿಕಿತ್ಸೆ ಮಾಡಬಹುದು, ಉಸಿರಿನ ಹೊಣೆಯನ್ನು ನಾವು ಹೊತ್ತುಕೊಂಡರೆ. ಅರಿವು ತಪ್ಪಿದ ಡಾಲ್ಫಿನ್ ಸಾಯುವುದು ನೀರು ಕುಡಿದು ಎಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ, ಹೊಳ್ಳೆ ಮುಚ್ಚಿದ್ದಂತೆಯೇ ಉಸಿರುಗಟ್ಟಿ ಸಾಯುತ್ತದೆ.

ಹಾಗಾದರೆ ನಿದ್ದೆ? ಇಲ್ಲಿಗೆ ಅರ್ಧ ಮೆದುಳಿನ ಮಾತು ಬರುತ್ತದೆ. ಇದು ಕಟ್ಟುಕಥೆಯಲ್ಲ. ಮಾಸ್ಕೋದ ಲೆವ್ ಮುಖಾಮೆತೊವ್ ಮತ್ತು ಸಹೋದ್ಯೋಗಿಗಳು 1970ರ ದಶಕದಲ್ಲಿ ಬಾಟಲ್‌ನೋಸ್ ಡಾಲ್ಫಿನ್‌ಗಳ ಮೆದುಳಿನ ವಿದ್ಯುತ್ ಅಲೆಗಳನ್ನು, ಅಂದರೆ ಇಇಜಿಯನ್ನು, ದಾಖಲಿಸಿದರು. ಗಾಢ ನಿದ್ದೆಯಲ್ಲಿ ಮೆದುಳಿನ ಅಲೆಗಳು ದೊಡ್ಡದಾಗಿ, ನಿಧಾನವಾಗಿ ಏಳುತ್ತವೆ. ನಮ್ಮಲ್ಲಿ ಎರಡೂ ಬದಿಯಲ್ಲಿ ಒಟ್ಟಿಗೇ ಏಳುತ್ತವೆ. ಡಾಲ್ಫಿನ್ನಿನಲ್ಲಿ ಕಂಡದ್ದು ಬೇರೆ. ಬಲ ಮೆದುಳಿನಲ್ಲಿ ನಿದ್ದೆಯ ದೊಡ್ಡ ಅಲೆಗಳು ಓಡುತ್ತಿದ್ದಾಗ ಎಡ ಮೆದುಳು ಪೂರಾ ಎಚ್ಚರದ ಗೆರೆ ಬರೆಯುತ್ತಿತ್ತು. ಆಮೇಲೆ ಎಡದ ಸರದಿ. ಒಂದು ದಿನದಲ್ಲಿ ಪ್ರತಿ ಬದಿಗೂ ಸುಮಾರು ನಾಲ್ಕು ಗಂಟೆ ನಿದ್ದೆ ಸಿಗುತ್ತದೆ. ನನಗೆ ಇದಕ್ಕಿಂತಲೂ ಬೆರಗು ಹುಟ್ಟಿಸಿದ್ದು ಆಮೇಲಿನ ಪ್ರಯೋಗ. ಒಂದು ಬದಿಯ ಮೆದುಳಿಗೆ ಮಾತ್ರ ನಿದ್ದೆ ಬಾರದಂತೆ ತಡೆದು ನೋಡಿದರು. ಬಿಟ್ಟ ಮೇಲೆ ಬಾಕಿ ನಿದ್ದೆಯನ್ನು ತೀರಿಸಿಕೊಂಡದ್ದು ಆ ಬದಿ ಮಾತ್ರ. ಇನ್ನೊಂದು ಬದಿಗೆ ಅದರ ಗೊಡವೆಯೇ ಇರಲಿಲ್ಲ. ನಿದ್ದೆ ಎನ್ನುವುದು ಇಡೀ ಪ್ರಾಣಿಗೆ ಒಟ್ಟಾಗಿ ಬರುವ ಸ್ಥಿತಿ ಎಂದುಕೊಂಡಿದ್ದವರಿಗೆ ಇದು ನುಂಗಲು ಕಷ್ಟವಾದ ಫಲಿತಾಂಶ.

ಕೊಳದಲ್ಲಿ ಹೀಗೆ ಮಲಗಿದ ಡಾಲ್ಫಿನ್ ನೋಡಲು ಅಂಥ ವಿಶೇಷವೇನೂ ಕಾಣುವುದಿಲ್ಲ. ಬೆನ್ನಿನ ಒಂದು ಪಟ್ಟಿ, ಹೊಳ್ಳೆಯ ಭಾಗ ನೀರಿನ ಮಟ್ಟದಲ್ಲಿರುತ್ತವೆ, ಬಾಲ ಸ್ವಲ್ಪ ಕೆಳಗೆ ಜೋತಿರುತ್ತದೆ. ದೇಹ ಮೆಲ್ಲಗೆ ತಗ್ಗುತ್ತದೆ. ಬಾಲ ಒಮ್ಮೆ ಸೋಮಾರಿಯಾಗಿ ಅಲುಗುತ್ತದೆ, ದೇಹ ಗೇಣಷ್ಟು ಮೇಲೇರುತ್ತದೆ, ಫುಸ್ ಎಂದು ಒಂದು ಉಸಿರು, ಮತ್ತೆ ಅದೇ ಜೋಲು. ಹತ್ತಿರ ಹೋಗಿ ಎರಡೂ ಬದಿಯಿಂದ ನೋಡಿದವರಿಗೆ ಮಾತ್ರ ವಿಷಯ ತಿಳಿಯುತ್ತದೆ: ಒಂದು ಕಣ್ಣು ಮುಚ್ಚಿದೆ, ಇನ್ನೊಂದು ತೆರೆದಿದೆ. ಡಾಲ್ಫಿನ್ನಿನಲ್ಲಿ ಎಡಗಣ್ಣಿನ ನರಗಳು ಹೆಚ್ಚುಕಡಿಮೆ ಎಲ್ಲವೂ ಬಲ ಮೆದುಳಿಗೆ, ಬಲಗಣ್ಣಿನವು ಎಡ ಮೆದುಳಿಗೆ ಹೋಗುತ್ತವೆ. ಆದ್ದರಿಂದ ಸಾಮಾನ್ಯವಾಗಿ ಮುಚ್ಚಿದ ಕಣ್ಣಿನ ಎದುರು ಬದಿಯ ಮೆದುಳು ಮಲಗಿದೆ ಎಂದರ್ಥ. ಎರಡು ಬದಿಗಳನ್ನು ಬೆಸೆಯುವ ನರಗಳ ಕಟ್ಟು ಕೂಡ ಇವುಗಳ ಮೆದುಳಿನ ಗಾತ್ರಕ್ಕೆ ಹೋಲಿಸಿದರೆ ಸಣ್ಣದು. ಎರಡೂ ಬದಿ ಬೇರೆಬೇರೆಯಾಗಿ ನಡೆದುಕೊಳ್ಳಲು ಅದು ನೆರವಾಗುತ್ತಿರಬೇಕು.

ತೆರೆದ ಕಣ್ಣು ಯಾವ ಕಡೆಗಿರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಶಾರ್ಕ್ ಬರುವ ಹೊರಗಡೆಗೆ ಎನ್ನುತ್ತಾರೆ. ಗುಂಪಿನಲ್ಲಿ ಮಲಗಿದ ಬಾತುಕೋಳಿಗಳಲ್ಲಿ ಹಾಗೇ ಆಗುತ್ತದೆ, ಅಂಚಿನಲ್ಲಿರುವ ಹಕ್ಕಿ ಹೊರಗಿನ ಕಣ್ಣನ್ನು ತೆರೆದಿಟ್ಟಿರುತ್ತದೆ. ಆದರೆ ಪೆಸಿಫಿಕ್ ಸಾಗರದ ವೈಟ್‌ಸೈಡೆಡ್ ಡಾಲ್ಫಿನ್‌ಗಳನ್ನು ಗಮನಿಸಿದಾಗ ಸಾಲಾಗಿ ಈಜುತ್ತಾ ಮಲಗಿದವು ತಮ್ಮ ಜೊತೆಗಾರರ ಕಡೆಗಿನ ಕಣ್ಣನ್ನು ತೆರೆದಿಟ್ಟಿದ್ದವು. ಅವಕ್ಕೆ ಶತ್ರುವಿಗಿಂತ ಗುಂಪು ತಪ್ಪಿಹೋಗುವ ಚಿಂತೆಯೇ ಹೆಚ್ಚು ಎಂದು ಇದರಿಂದ ಅನ್ನಿಸುತ್ತದೆ. ಜೊತೆಯಲ್ಲಿ ಇರುವಷ್ಟು ಹೊತ್ತು ಎಲ್ಲರ ಕಣ್ಣು ಕಿವಿಗಳೂ ಎಲ್ಲರಿಗೂ ಸೇರಿದವು.

ಎಚ್ಚರವಿರುವ ಆ ಅರ್ಧ ಮೆದುಳು ಎಷ್ಟು ಕೆಲಸ ಮಾಡಬಲ್ಲದು? ಸ್ಯಾನ್ ಡಿಯಾಗೊದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ಡಾಲ್ಫಿನ್‌ಗಳಿಗೆ ಸುತ್ತಲಿನ ಗುರಿಗಳನ್ನು ಶಬ್ದದ ಪ್ರತಿಧ್ವನಿಯಿಂದ ಪತ್ತೆ ಹಚ್ಚುವ ಕೆಲಸವನ್ನು ಹಗಲುರಾತ್ರಿ ಬಿಡದೆ ಕೊಟ್ಟರು. ಎರಡೂ ಐದು ದಿನ ನಿರ್ವಹಿಸಿದವು. ಅವುಗಳಲ್ಲಿ ಒಂದು ಹೆಣ್ಣು ಹದಿನೈದು ದಿನ ಸತತವಾಗಿ ಅದನ್ನೇ ಮಾಡಿತು, ಕೊನೆಯ ದಿನವೂ ಅದರ ಚುರುಕು ಕುಗ್ಗಿರಲಿಲ್ಲ. ಮನುಷ್ಯ ಮೂರು ದಿನ ನಿದ್ದೆಗೆಟ್ಟರೆ ಮಾತು ತೊದಲುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ‘ತಿಮಿಂಗಿಲಗಳು ಅರ್ಧ ಮೆದುಳಿನಿಂದ ನಿದ್ರಿಸುತ್ತವೆ’ ಎಂಬ ವಾಕ್ಯ ಎಲ್ಲ ಕಡೆ ಓಡಾಡುತ್ತಿದೆ. ಮೆದುಳಿನ ಅಲೆಗಳನ್ನು ಅಳೆದಿರುವುದು ಬಾಟಲ್‌ನೋಸ್ ಡಾಲ್ಫಿನ್, ಪೊರ್ಪಾಯಿಸ್, ಬೆಲೂಗಾದಂಥ ಕೆಲವೇ ಸಣ್ಣ ಜಾತಿಗಳಲ್ಲಿ, ಅದೂ ಕೊಳದಲ್ಲಿ ಸಾಕಿದ ಪ್ರಾಣಿಗಳಲ್ಲಿ. ನೀಲಿ ತಿಮಿಂಗಿಲಕ್ಕೆ ಇಇಜಿ ತಂತಿ ಅಂಟಿಸಿ ಕಡಲಿಗೆ ಬಿಟ್ಟವರಿಲ್ಲ. ದೊಡ್ಡವುಗಳ ವಿಷಯದಲ್ಲಿ ನಾವು ಹೇಳುವುದೆಲ್ಲ ಅವುಗಳ ನಡವಳಿಕೆಯನ್ನು ನೋಡಿ ಮಾಡಿದ ಊಹೆ. ಆ ಊಹೆಯನ್ನು ಅಲುಗಾಡಿಸಿದ್ದೇ ನೀವು ನೋಡಿದಂಥ ನೆಟ್ಟಗೆ ನಿಂತ ತಿಮಿಂಗಿಲಗಳು.

ಅವು ಸ್ಪರ್ಮ್ ತಿಮಿಂಗಿಲಗಳು. ಹಲ್ಲಿರುವ ತಿಮಿಂಗಿಲಗಳಲ್ಲಿ ಇವೇ ಅತಿ ದೊಡ್ಡವು. ಬೆಳೆದ ಗಂಡು ಹದಿನಾರು ಮೀಟರ್ ಉದ್ದವಿರಬಹುದು, ಹೆಣ್ಣು ಹನ್ನೊಂದು. ಸ್ಕ್ವಿಡ್ ಬೇಟೆಗೆ ಸಾವಿರ ಮೀಟರಿಗೂ ಕೆಳಗೆ ಇಳಿದು ಮುಕ್ಕಾಲು ಗಂಟೆ ಕಳೆದು ಬರುವುದು ಇವಕ್ಕೆ ದಿನನಿತ್ಯದ ಕೆಲಸ. ಇದು ಸಾಧ್ಯವಾಗುವುದು ಶ್ವಾಸಕೋಶದಲ್ಲಿ ಗಾಳಿ ತುಂಬಿಕೊಂಡು ಹೋಗುವುದರಿಂದಲ್ಲ. ಆಮ್ಲಜನಕದ ದಾಸ್ತಾನು ರಕ್ತದಲ್ಲಿ, ಸ್ನಾಯುಗಳಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನಲ್ಲಿ ಇರುತ್ತದೆ. ಮಯೋಗ್ಲೋಬಿನ್ ಎಷ್ಟು ದಟ್ಟವಾಗಿರುತ್ತದೆ ಎಂದರೆ ಮಾಂಸ ಕಪ್ಪಾಗಿ ಕಾಣುತ್ತದೆ. ಬೇಟೆಯಾಡುತ್ತಾ ಮುಕ್ಕಾಲು ಗಂಟೆ ತಾಳುವ ಪ್ರಾಣಿಗೆ ಅಲುಗಾಡದೆ ಕಾಲು ಗಂಟೆ ಉಸಿರು ಹಿಡಿಯುವುದು ಲೆಕ್ಕಕ್ಕೇ ಇಲ್ಲ. ನಿದ್ದೆ ಬಂದರೆ ಉಸಿರಿನ ಗತಿ ಏನು ಎಂಬ ನಿಮ್ಮ ಪ್ರಶ್ನೆಗೆ ಇದೂ ಒಂದು ಉತ್ತರ. ಒಂದು ಉಸಿರಿಗೂ ಮುಂದಿನ ಉಸಿರಿಗೂ ನಡುವಿನ ಬಿಡುವಿನಲ್ಲೇ ಇವು ಮಲಗಿ ಎದ್ದುಬಿಡಬಲ್ಲವು.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಮಿಲ್ಲರ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 59 ಸ್ಪರ್ಮ್ ತಿಮಿಂಗಿಲಗಳ ಮೈಮೇಲೆ ದಾಖಲೆ ಯಂತ್ರಗಳನ್ನು ಕೂರಿಸಿದ್ದರು. ಆ ದಾಖಲೆಯಲ್ಲಿ ಒಂದು ವಿಚಿತ್ರ ವರ್ತನೆ ಮತ್ತೆಮತ್ತೆ ಕಾಣಿಸಿತು. ಮೇಲ್ಮೈಗೆ ಹತ್ತಿರದಲ್ಲೇ, ದೇಹ ಲಂಬವಾಗಿ, ಬಾಲದ ಬಡಿತವಿಲ್ಲದೆ, ಸದ್ದಿಲ್ಲದೆ ತೇಲುತ್ತಾ ನಿಲ್ಲುವುದು. ಒಂದು ಸಲಕ್ಕೆ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ. ಒಟ್ಟು ಸಮಯದಲ್ಲಿ ಇದರ ಪಾಲು ಶೇಕಡಾ 7ರಷ್ಟು ಮಾತ್ರ; ಹೆಚ್ಚಿನದು ಸಂಜೆ ಆರರಿಂದ ನಡುರಾತ್ರಿಯ ಒಳಗೆ. ತಲೆ ಮೇಲಾಗಿ ನಿಲ್ಲುವುದಕ್ಕೆ ದೊಡ್ಡ ಮರ್ಮವೇನೂ ಇಲ್ಲ ಎಂದು ನನ್ನ ಅಂದಾಜು. ಇವುಗಳ ದೇಹದ ಮೂರನೇ ಒಂದು ಭಾಗ ತಲೆಯೇ, ಅದರ ತುಂಬ ನೀರಿಗಿಂತ ಹಗುರವಾದ ತೈಲ. ಕೈಕಾಲು ಬಿಟ್ಟು ಸುಮ್ಮನಾದರೆ ತಲೆ ಮೇಲಕ್ಕೆ ಬರುವುದು ಸಹಜ. ತಲೆಕೆಳಗಾಗಿ ತೇಲಿದ ದಾಖಲೆಗಳೂ ಇವೆ.

ನಿಜಕ್ಕೂ ಕುತೂಹಲಕರವಾದದ್ದು ಅದೇ ವರದಿಯಲ್ಲಿರುವ ಇನ್ನೊಂದು ಪ್ರಸಂಗ. ಉತ್ತರ ಚಿಲಿಯ ಕರಾವಳಿಯಾಚೆ ಎಂಜಿನ್ ನಿಲ್ಲಿಸಿದ್ದ ದೋಣಿಯೊಂದು ಹೀಗೆ ನಿಂತಿದ್ದ ಗುಂಪಿನ ನಡುವೆ ತೇಲಿಕೊಂಡು ಹೋಯಿತು. ಒಂದೂ ಮಿಸುಕಲಿಲ್ಲ. ದೋಣಿ ಆಕಸ್ಮಿಕವಾಗಿ ಒಂದಕ್ಕೆ ತಾಗಿದ ಮೇಲಷ್ಟೇ ಗುಂಪು ಬೆಚ್ಚಿಬಿದ್ದು ಚದುರಿತು. ಅರ್ಧ ಮೆದುಳು ಕಾವಲಿಗಿದ್ದಿದ್ದರೆ ದೋಣಿ ಇಷ್ಟು ಹತ್ತಿರ ಬರುವವರೆಗೂ ಗೊತ್ತಾಗದೆ ಇರುತ್ತಿತ್ತೇ? ಬಹುಶಃ ಸ್ಪರ್ಮ್ ತಿಮಿಂಗಿಲ ಈ ಚುಟುಕು ಹೊತ್ತಿನಲ್ಲಿ ಎರಡೂ ಬದಿ ಒಟ್ಟಿಗೆ ಮಲಗಿಬಿಡುತ್ತದೆ, ನಮ್ಮ ಹಾಗೇ. ಆ ತಂಡದವರೂ ಈ ಸಾಧ್ಯತೆಯನ್ನು ಮುಂದಿಟ್ಟಿದ್ದಾರೆ, ನನಗೂ ಅದೇ ಸರಿಕಾಣುತ್ತದೆ. ಆದ್ದರಿಂದ ಯಾರಾದರೂ ‘ಎಲ್ಲ ತಿಮಿಂಗಿಲಗಳೂ ಒಂದೇ ಕಣ್ಣಿನಲ್ಲಿ ಮಲಗುತ್ತವೆ’ ಎಂದರೆ ತಲೆಯಾಡಿಸಬೇಡಿ.

ಬದುಕುವ ಜಾಗ ಬದಲಾದರೆ ನಿದ್ದೆಯ ಕ್ರಮವೂ ಬದಲಾಗುತ್ತದೆ. ಸಿಂಧೂ ನದಿಯ ಡಾಲ್ಫಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಕೆಸರು ನೀರಿನಲ್ಲಿ ಬಾಳಿ ಬಾಳಿ ಅದರ ಕಣ್ಣು ಹೆಸರಿಗಷ್ಟೇ ಉಳಿದಿದೆ, ಮಸೂರವೂ ಇಲ್ಲ. ಹರಿಯುವ ಹೊಳೆಯಲ್ಲಿ ಸುಮ್ಮನೆ ತೇಲಿದರೆ ಸೆಳೆತಕ್ಕೆ ಸಿಕ್ಕಿ ಬಂಡೆಗೋ ತೇಲಿಬರುವ ಮರಕ್ಕೋ ಬಡಿದುಕೊಳ್ಳಬೇಕಾಗುತ್ತದೆ. ಅದು ಹಗಲೂ ರಾತ್ರಿ ಈಜುತ್ತಲೇ, ಕ್ಲಿಕ್ ಸದ್ದು ಹೊರಡಿಸುತ್ತಲೇ ಇರುತ್ತದೆ. ನಡುನಡುವೆ ನಾಲ್ಕು ಸೆಕೆಂಡಿನಿಂದ ಒಂದು ನಿಮಿಷದವರೆಗಿನ ತುಂಡು ನಿದ್ದೆಗಳನ್ನು ತೆಗೆಯುತ್ತದೆ ಎಂದು 1970ರ ದಶಕದಲ್ಲಿ ಅದನ್ನು ಅಭ್ಯಸಿಸಿದ ಗಿಯೋರ್ಗ್ ಪಿಲ್ಲೆರಿ ದಾಖಲಿಸಿದರು. ಎಲ್ಲ ಕೂಡಿದರೆ ದಿನಕ್ಕೆ ಏಳು ಗಂಟೆಯಷ್ಟು. ನಮಗೆ ಇಂಥ ನಿದ್ದೆ ನಿದ್ದೆಯೆಂದೇ ಅನ್ನಿಸದು.

ಈಗ ಮರಿಯ ವಿಷಯ. ಇಲ್ಲಿ ತಜ್ಞರಲ್ಲೇ ಜಗಳವಿದೆ. ಸಾಮಾನ್ಯವಾಗಿ ಸಸ್ತನಿಗಳ ಮರಿಗಳು ಹುಟ್ಟಿದ ಹೊಸದರಲ್ಲಿ ಅತಿ ಹೆಚ್ಚು ಮಲಗುತ್ತವೆ. ಓಲೆಗ್ ಲ್ಯಾಮಿನ್ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದ್ದು ಅದಕ್ಕೆ ಪೂರ್ತಿ ವಿರುದ್ಧವಾಗಿತ್ತು: ಓರ್ಕಾ ಮತ್ತು ಬಾಟಲ್‌ನೋಸ್ ಡಾಲ್ಫಿನ್ನಿನ ನವಜಾತ ಮರಿಗಳೂ ಅವುಗಳ ತಾಯಂದಿರೂ ಹೆರಿಗೆಯಾದ ಮೊದಲ ತಿಂಗಳು ಹೆಚ್ಚುಕಡಿಮೆ ನಿಲ್ಲುವುದೇ ಇಲ್ಲ. ಮರಿ ಮೂರರಿಂದ ಮೂವತ್ತು ಸೆಕೆಂಡಿಗೊಮ್ಮೆ ಮೇಲೆ ಬಂದು ಉಸಿರೆಳೆಯುತ್ತದೆ, ಆಗ ಎರಡೂ ಕಣ್ಣು ತೆರೆದಿರುತ್ತವೆ. ತೇಲಿಕೊಂಡು ವಿಶ್ರಮಿಸುವ ದೃಶ್ಯವಿಲ್ಲ. ತಿಂಗಳುಗಳು ಕಳೆದಂತೆ ಸ್ವಲ್ಪಸ್ವಲ್ಪವೇ ಶುರುವಾಗುತ್ತದೆ. ಇದಾದ ಮರುವರ್ಷವೇ ಜಪಾನಿನ ಸಂಶೋಧಕರು ತಕರಾರು ತೆಗೆದರು. ಈಜುವುದು ನಿಂತಿಲ್ಲ ಎಂದಮಾತ್ರಕ್ಕೆ ನಿದ್ದೆ ಇಲ್ಲ ಎನ್ನುವುದು ಹೇಗೆ, ನೀರಿನೊಳಗಿಂದ ನೋಡಿದರೆ ಈಜುತ್ತಿರುವ ತಾಯಿ, ಮರಿ ಎರಡೂ ಒಂದು ಕಣ್ಣು ಮುಚ್ಚುವುದು ಕಾಣುತ್ತದೆ ಎಂಬುದು ಅವರ ವಾದ. ನಾನು ಇವರ ಪಕ್ಷ. ಅರ್ಧ ಮೆದುಳಿನಿಂದ ಈಜಲು ಬಲ್ಲ ಪ್ರಾಣಿಯ ನಿದ್ದೆಯನ್ನು ‘ಅಲುಗಾಡದೆ ಇರುವುದು’ ಎಂಬ ಅಳತೆಯಿಂದ ಅಳೆಯುವುದು ಸರಿಯಲ್ಲ.

ಮರಿ ನಿಲ್ಲದಿರುವುದಕ್ಕೆ ಕಾರಣಗಳಂತೂ ಸ್ಪಷ್ಟ. ಅದರ ಚರ್ಮದ ಕೆಳಗಿನ ಕೊಬ್ಬಿನ ಪದರ ಇನ್ನೂ ತೆಳು, ಮೈ ಬಿಸಿ ಉಳಿಯಬೇಕಾದರೆ ಚಲಿಸುತ್ತಿರಬೇಕು. ಅದಕ್ಕೆ ತೇಲುವ ಹದವೂ ಬಂದಿರುವುದಿಲ್ಲ. ಆದರೆ ಅದು ಒಂಟಿಯಾಗಿ ಬಡಿದಾಡುವುದೂ ಇಲ್ಲ. ತಾಯಿಯ ಪಕ್ಕೆಗೆ, ಬೆನ್ನ ರೆಕ್ಕೆಗಿಂತ ಸ್ವಲ್ಪ ಕೆಳಗೆ ಹೊಂದಿಕೊಂಡು ಈಜುತ್ತದೆ. ತಾಯಿಯ ದೇಹ ಸೀಳಿದ ನೀರು ಹಿಂದಕ್ಕೆ ಹರಿಯುವಾಗ ಮರಿಯನ್ನು ಮುಂದಕ್ಕೆ ಸೆಳೆಯುತ್ತದೆ. ಗಮನಿಸಿ ನೋಡಿದರೆ ಮರಿಯ ಬಾಲ ಎಷ್ಟೋ ಹೊತ್ತು ಬಡಿಯುವುದೇ ಇಲ್ಲ, ಆದರೂ ಅದು ತಾಯಿಯ ಸಮಕ್ಕೆ ಸಾಗುತ್ತಿರುತ್ತದೆ. ತಾಯಿಗೆ ಇದರಿಂದ ಭಾರ ಹೆಚ್ಚು, ವೇಗ ಕಡಿಮೆ. ಬಾಣಂತನದ ಕಷ್ಟ ಕಡಲಿನಲ್ಲೂ ತಪ್ಪಿದ್ದಲ್ಲ.

ನೀವು ಕೇಳದಿದ್ದರೂ ಒಂದು ವಿಷಯ ಸೇರಿಸಬೇಕು, ಯಾಕೆಂದರೆ ಡಾಲ್ಫಿನ್ ನೋಡಲು ದೋಣಿ ಹತ್ತುವವರು ಈಗ ಜಗತ್ತಿನ ಎಲ್ಲೆಡೆ ಇದ್ದಾರೆ. ಹವಾಯಿ ದ್ವೀಪಗಳ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಪಾಳಿಯವು. ಕತ್ತಲಾದಾಗ ಆಳದಿಂದ ಮೇಲೇರಿ ಬರುವ ಸಣ್ಣ ಮೀನು, ಸಿಗಡಿ, ಸ್ಕ್ವಿಡ್‌ಗಳನ್ನು ತಿಂದು ಬೆಳಿಗ್ಗೆ ದಡದ ಹತ್ತಿರದ ಆಳವಿಲ್ಲದ ಕೊಲ್ಲಿಗಳಿಗೆ ಬರುತ್ತವೆ. ಅಡಿಯಲ್ಲಿ ಬಿಳಿ ಮರಳಿರುವ ಜಾಗವನ್ನೇ ಆರಿಸಿಕೊಳ್ಳುತ್ತವೆ; ಬಿಳಿ ನೆಲದ ಮೇಲೆ ಶಾರ್ಕ್ ಬಂದರೆ ಕಣ್ಣಿಗೆ ಬೀಳುತ್ತದೆ. ಅಲ್ಲಿ ಗುಂಪು ಒತ್ತೊತ್ತಾಗಿ ಸೇರುತ್ತದೆ, ಸದ್ದು ಅಡಗುತ್ತದೆ, ಎಲ್ಲವೂ ಒಟ್ಟಿಗೆ ಮೆಲ್ಲಗೆ ಮೇಲೇಳುತ್ತವೆ, ಒಟ್ಟಿಗೆ ಇಳಿಯುತ್ತವೆ. ಅದೇ ಅವುಗಳ ನಿದ್ದೆ. ಪ್ರವಾಸಿಗಳಿಗೆ ಇದು ಶಾಂತವಾದ, ಸ್ನೇಹದ ಗುಂಪಿನಂತೆ ಕಂಡು ಈಜಲು ಧುಮುಕುತ್ತಾರೆ. ಎಬ್ಬಿಸಿದರೆ ಬೇರೆಲ್ಲಾದರೂ ಹೋಗಿ ಮಲಗುತ್ತವೆ ಎಂದುಕೊಳ್ಳುವ ಹಾಗಿಲ್ಲ, ಕೊಲ್ಲಿಯ ಹೊರಗೆ ಅವು ವಿಶ್ರಮಿಸುವುದು ಬಲು ಅಪರೂಪ ಎಂದು ಅಲ್ಲಿನ ಅಧ್ಯಯನಗಳು ತೋರಿಸಿವೆ. ಈ ಕಾರಣಕ್ಕೇ ಅಮೆರಿಕ ಸರ್ಕಾರ 2021ರಲ್ಲಿ ಹವಾಯಿಯಲ್ಲಿ ಇವುಗಳ ಐವತ್ತು ಗಜದೊಳಗೆ ಈಜುವುದನ್ನೂ ದೋಣಿ ತರುವುದನ್ನೂ ನಿಷೇಧಿಸಿತು. ಉತ್ತರ ಅಟ್ಲಾಂಟಿಕ್ ಸಾಗರದ ರೈಟ್ ತಿಮಿಂಗಿಲಗಳ ಪಾಡು ಇನ್ನೂ ಕಷ್ಟ. ಅವು ನೀರಿನ ಮೇಲ್ಮಟ್ಟದಲ್ಲೇ ದಿಮ್ಮಿಯ ಹಾಗೆ ಬಿದ್ದಿರುತ್ತವೆ, ಹಡಗು ಬಡಿದು ಸಾಯುತ್ತವೆ. ಅವುಗಳ ಸಂಖ್ಯೆ ನಾನೂರಕ್ಕಿಂತ ಕೆಳಗಿಳಿದಿದೆ. ಅಮೆರಿಕದ ಪೂರ್ವ ಕರಾವಳಿಯ ಕೆಲವು ವಲಯಗಳಲ್ಲಿ, ಗೊತ್ತಾದ ತಿಂಗಳುಗಳಲ್ಲಿ, 65 ಅಡಿ ಮತ್ತು ಅದಕ್ಕಿಂತ ಉದ್ದದ ಹಡಗುಗಳು ಹತ್ತು ನಾಟ್ (ಗಂಟೆಗೆ ಸುಮಾರು ಹದಿನೆಂಟೂವರೆ ಕಿ.ಮೀ.) ವೇಗ ಮೀರಬಾರದು ಎಂಬ ನಿಯಮ 2008ರಿಂದ ಇದೆ.

ಕೊನೆಗೆ ಕನಸು. ಫ್ರಾನ್ಸಿನ ಒಂದು ಪ್ರದರ್ಶನ ಕೊಳದ ಡಾಲ್ಫಿನ್‌ಗಳು ರಾತ್ರಿ ಹೊತ್ತು ಹಂಪ್‌ಬ್ಯಾಕ್ ತಿಮಿಂಗಿಲದ ಹಾಡನ್ನು ಹೋಲುವ ಸದ್ದು ಮಾಡುತ್ತಿದ್ದವು. ಹಗಲಿನ ಪ್ರದರ್ಶನದ ಧ್ವನಿಮುದ್ರಣದಲ್ಲಿ ಆ ಹಾಡು ಬರುತ್ತಿತ್ತು. ‘ಡಾಲ್ಫಿನ್‌ಗಳು ನಿದ್ದೆಯಲ್ಲಿ ಮಾತಾಡುತ್ತವೆ’ ಎಂದು ಸುದ್ದಿಯಾಯಿತು. ಕೇಳಲು ಚಂದ, ಆದರೆ ಆ ಹೊತ್ತಿಗೆ ಅವು ಮಲಗಿದ್ದವು ಎಂಬುದಕ್ಕೆ ಮೆದುಳಿನ ದಾಖಲೆ ಇರಲಿಲ್ಲ. ಮನುಷ್ಯರಿಗೆ ಎದ್ದುಕಾಣುವ ಕನಸುಗಳು ಬೀಳುವುದು ಹೆಚ್ಚಾಗಿ ರೆಮ್ ನಿದ್ದೆಯಲ್ಲಿ, ಕಣ್ಣುಗುಡ್ಡೆ ಓಡಾಡುತ್ತಾ ಕೈಕಾಲಿನ ಸ್ನಾಯುಗಳು ಪೂರ್ತಿ ಸಡಿಲವಾಗುವ ಹಂತದಲ್ಲಿ. ಡಾಲ್ಫಿನ್‌ಗಳಲ್ಲಿ ಈ ಹಂತವನ್ನು ಖಚಿತವಾಗಿ ಯಾರೂ ದಾಖಲಿಸಿಲ್ಲ. ಮೈ ಪೂರಾ ಸಡಿಲಬಿಟ್ಟರೆ ಮೇಲೆ ಬಂದು ಉಸಿರಾಡುವವರಾರು?

ರೆಮ್ ಇಲ್ಲದೆ ಪ್ರಾಣಿ ಬದುಕೀತೇ ಎಂಬುದಕ್ಕೆ ಒಂದು ಸುಳಿವು ಸಿಕ್ಕಿದ್ದು ಫರ್ ಸೀಲ್‌ಗಳಿಂದ. ದಡದಲ್ಲಿದ್ದಾಗ ಇವು ನಮ್ಮಂತೆ ಎರಡೂ ಬದಿ ಒಟ್ಟಿಗೆ ಮಲಗುತ್ತವೆ, ರೆಮ್ ಕೂಡ ಇರುತ್ತದೆ. ನೀರಿಗಿಳಿದರೆ ಡಾಲ್ಫಿನ್ನಿನ ಕ್ರಮಕ್ಕೆ ಬದಲಾಗುತ್ತವೆ. 2018ರಲ್ಲಿ ಪ್ರಕಟವಾದ ಲ್ಯಾಮಿನ್ ತಂಡದ ಪ್ರಯೋಗದಲ್ಲಿ ದಿನಗಟ್ಟಲೆ, ವಾರಗಟ್ಟಲೆ ನೀರಿನಲ್ಲೇ ಇರಿಸಿದಾಗ ಅವುಗಳ ರೆಮ್ ನಿದ್ದೆ ಬಹುಮಟ್ಟಿಗೆ ಮಾಯವಾಯಿತು. ದಡಕ್ಕೆ ಬಂದ ಮೇಲೆ ಕಳೆದುಕೊಂಡದ್ದನ್ನು ಹೆಚ್ಚುವರಿಯಾಗಿ ತುಂಬಿಕೊಳ್ಳಲೂ ಇಲ್ಲ, ಎಂದಿನಷ್ಟೇ ರೆಮ್ ಮತ್ತೆ ಶುರುವಾಯಿತು. ಮೆದುಳಿನ ಎರಡೂ ಬದಿ ಒಟ್ಟಿಗೆ ಮಲಗಿದಾಗ ಅದು ತಣ್ಣಗಾಗಿ ಮಂಕಾಗುತ್ತದೆ, ಏಳುವ ಮೊದಲು ಅದನ್ನು ಬಿಸಿ ಮಾಡಲು ರೆಮ್ ಬೇಕು ಎಂಬುದು ಆ ತಂಡದ ವಿವರಣೆ. ಸದಾ ಒಂದು ಬದಿ ಎಚ್ಚರವಿರುವ ಮೆದುಳಿಗೆ ಆ ಅಗತ್ಯ ಬೀಳುವುದಿಲ್ಲ. ಈ ವಿವರಣೆ ನಿಂತರೆ ಡಾಲ್ಫಿನ್ನಿಗೆ ನಮ್ಮಂಥ ಕನಸಿನ ನಿದ್ದೆ ಇರಲಿಕ್ಕಿಲ್ಲ ಎಂದೇ ಹೇಳಬೇಕಾಗುತ್ತದೆ. ಆಗ ಎರಡೂ ಬದಿ ಒಟ್ಟಿಗೆ ಮಲಗುತ್ತಿರಬಹುದಾದ ಸ್ಪರ್ಮ್ ತಿಮಿಂಗಿಲದ ವಿಷಯ ಬೇರೆಯೇ ಆಗುತ್ತದೆ. ಕನಸಿನ ಪ್ರಶ್ನೆಯನ್ನು ನಾನಾದರೆ ಮೊದಲು ಅದರ ಬಳಿಯೇ ಕೇಳುತ್ತೇನೆ.